ಗೋಪುರಕ್ಕೆ ಎಷ್ಟು ಕೂಲಿ?

ಅಕ್ಕಲಕೋಟ ಪೇಟೆಗೆ ಕಸೂತಿ ಹೊಸ ಮಾಲಲ್ಲ. ಇಳಕಲ್ಲ ಸೀರೆಗೆ ಇಲ್ಲಿ ಇರಕಲ್ ಎನ್ನುತ್ತಾರೆ. ಗುಳೇದಗುಡ್ಡದ ಖಣಕ್ಕೆ ಮರಾಠಿಯಲ್ಲೂ ಖಣವೇ. ಧಾರವಾಡ, ವಿಜಾಪುರ, ಕಲಬುರ್ಗಿ ಕಡೆಯಿಂದ ಮದುವೆಯಾಗಿ ಈ ಕಡೆ ಬಂದ ಹೆಣ್ಣುಮಕ್ಕಳ ಟ್ರಂಕಿನಲ್ಲಿ ಒಂದಾದರೂ ಕಸೂತಿ ಸೀರೆ, ಒಂದು ಕುಬಸ, ಕೂಸಿಗೆ ಹಾಕುವ ಒಂದು ಕುಂಚಿಗೆ ಇದ್ದೇ ಇರುತ್ತಿತ್ತು. ಹಾಗೆ ಬಂದವರಲ್ಲಿ ನಾನೂ ಒಬ್ಬಳು. ತವರು ಧಾರವಾಡ. ಗವಂತಿ, ಮುರ್ಗಿ ಹೊಲಿಗೆ ಕಲಿತದ್ದು ಅಜ್ಜಿಯ ಮಗ್ಗುಲಲ್ಲಿ ಕೂತು. ಮಾವನವರದು ಇಲ್ಲಿ ಬಟ್ಟೆ ಅಂಗಡಿ. 2020ರ ಲಾಕ್‌ಡೌನಿನಲ್ಲಿ ಅಂಗಡಿಯ ಬಾಗಿಲು ತಿಂಗಳುಗಟ್ಟಲೆ ಮುಚ್ಚಿದಾಗ ಮನೆಯವರೆಲ್ಲ ಮೊಬೈಲು ಹಿಡಿದು ಕೂತೆವು. ಮರುವರ್ಷ, 2021ರಲ್ಲಿ, ಅದೇ ಮೊಬೈಲಿನಲ್ಲಿ ನಾನೊಂದು ಸಣ್ಣ ಅಂಗಡಿ ತೆರೆದೆ. ಕೈಯಲ್ಲಿ ಹೊಲಿದ ಕಸೂತಿ ಸೀರೆ, ಕುಬಸದ ಖಣ, ಕುಂಚಿಗೆ, ಕೈಚೀಲ ಮಾರುವ ಅಂಗಡಿ.

ಅಂಗಡಿ ಎಂದರೆ ಬೋರ್ಡಿಲ್ಲ, ಗಲ್ಲಾಪೆಟ್ಟಿಗೆ ಇಲ್ಲ. ಒಂದು ಮೊಬೈಲು, ಎರಡು ಟ್ರಂಕು, ಗ್ರಾಂ ತೋರಿಸುವ ಒಂದು ತಕ್ಕಡಿ, ಹೊಲಿಯುವ ಹದಿನಾಲ್ಕು ಮಂದಿ ಹೆಣ್ಣುಮಕ್ಕಳು. ಫೋಟೋ ಹಾಕುತ್ತೇನೆ, ಪುಣೆ, ಮುಂಬಯಿ, ಹುಬ್ಬಳ್ಳಿ, ಬೆಂಗಳೂರಿನ ಗಿರಾಕಿಗಳು ಕೇಳುತ್ತಾರೆ, ರೊಕ್ಕ ಯುಪಿಐಯಲ್ಲಿ ಬರುತ್ತದೆ, ಮಾಲು ಅಂಚೆಯಲ್ಲಿ ಹೋಗುತ್ತದೆ. ಕೇಳಲಿಕ್ಕೆ ಇಷ್ಟು ಸರಳ.

ಈ ಪುಟ ಓದುವವರು ಹೆಚ್ಚಾಗಿ ಒಕ್ಕಲುತನದವರು, ವ್ಯಾಪಾರಸ್ಥರು. ಕಲೆ, ಸಂಸ್ಕೃತಿ ಎಂದು ದೊಡ್ಡ ಮಾತು ಆಡಿದರೆ ಹಾಳೆ ತಿರುವಿ ಹಾಕುತ್ತಾರೆಂದು ಗೊತ್ತು. ನನ್ನದು ಲೆಕ್ಕದ ಮಾತು.

ಕಳೆಯ ಕೂಲಿ, ಸೂಜಿಯ ಕೂಲಿ

ನಾನು ಅಂಗಡಿ ತೆರೆಯುವ ಮೊದಲು ನಮ್ಮ ಓಣಿಗೆ ದೊಡ್ಡ ಊರಿನ ಏಜಂಟನೊಬ್ಬ ಬರುತ್ತಿದ್ದ. ಬಟ್ಟೆ, ದಾರ ಕೊಟ್ಟು ಹೋಗುವುದು, ತಿಂಗಳಿಗೊಮ್ಮೆ ಬಂದು ಚಿತ್ತಾರ ಎಣಿಸಿ ಒಯ್ಯುವುದು. ಅಂಗೈ ಅಗಲದ ಒಂದು ಗೋಪುರಕ್ಕೆ 100 ರೂಪಾಯಿ. ಅದೂ ಮಾಲು ಮಾರಿದ ಮೇಲೆ. ಓಣಿಯ ಹಿರಿಯ ಹೆಂಗಸು, ಎಲ್ಲರೂ ಆಯಿ ಎಂದು ಕರೆಯುವಾಕೆ, ಒಂದು ದಿನ ಅವನಿಗೆ ಬಟ್ಟೆಯ ಗಂಟು ವಾಪಸು ಕೊಟ್ಟು ಹೇಳಿದಳು:

“ತಮ್ಮಾ, ಹೊಲಕ್ಕ ಹೋಗಿ ಕಳೆ ತಗದರ ದಿನಕ್ಕ ಇನ್ನೂರೈವತ್ತು ಬರ್ತಾವ, ಸಂಜೀಕ ಕೈಯಾಗ ಬರ್ತಾವ. ನಿನ್ನ ಗೋಪುರಕ್ಕ ಒಂದು ದಿನಾ ಹೋಗ್ತದ, ಮ್ಯಾಲ ಕಣ್ಣೂ ಹೋಗ್ತಾವ. ನಿನ್ನ ಗೋಪುರ ನೀನ ಕಟ್ಟಿಕೊ.”

ಈ ಮಾತು ಇವತ್ತಿಗೂ ಓಣಿಯಲ್ಲಿ ಚಲಾವಣೆಯಲ್ಲಿದೆ. ಸಿಟ್ಟಿನಲ್ಲಿ ಬಂದ ಮಾತಾದರೂ ಇಡೀ ಉದ್ಯೋಗದ ಜಾತಕ ಅದರಲ್ಲಿದೆ. ಸೂಜಿಯ ಕೂಲಿ ಕಳೆಯ ಕೂಲಿಗಿಂತ ಕೆಳಗಿಳಿದ ದಿನ ಹೆಣ್ಣುಮಕ್ಕಳು ಸೂಜಿ ಇಟ್ಟು ಕುರ್ಪಿ ಹಿಡಿಯುತ್ತಾರೆ. ಹಿಡಿಯಬೇಕಾದದ್ದೇ. ಮನೆ ನಡೆಯಬೇಕಲ್ಲ.

ಒಂದು ಗೋಪುರಕ್ಕೆ ಒಂದು ದಿನ ಯಾಕೆ ಬೇಕು ಎಂದು ಗಂಡಸರು ಕೇಳುವುದುಂಟು. ಕಸೂತಿಯಲ್ಲಿ ಚಿತ್ರ ಬರೆದುಕೊಂಡು ಅದರ ಮೇಲೆ ಹೊಲಿಯುವ ಪದ್ಧತಿ ಇಲ್ಲ. ಬಟ್ಟೆಯ ಹಾಸು, ಹೊಕ್ಕಿನ ಎಳೆಗಳನ್ನು ಎಣಿಸುತ್ತ ಹೋಗಬೇಕು. ಗವಂತಿಯಲ್ಲಿ ಸೂಜಿ ಬಿಟ್ಟು ಬಿಟ್ಟು ಹೊಲಿಯುತ್ತ ಮುಂದೆ ಹೋಗುತ್ತದೆ, ಅದೇ ಹಾದಿಯಲ್ಲಿ ಹಿಂದಕ್ಕೆ ಬರುತ್ತ ಬಿಟ್ಟ ಜಾಗ ತುಂಬುತ್ತದೆ. ಒಕ್ಕಲಿಗರಿಗೆ ತಿಳಿಯುವಂತೆ ಹೇಳಬೇಕೆಂದರೆ, ಹೋಗುವಾಗ ಸಾಲು ಬಿಟ್ಟು ಸಾಲು ಬಿತ್ತಿ, ಬರುವಾಗ ಬಿಟ್ಟ ಸಾಲು ಬಿತ್ತಿದಂತೆ. ಗಂಟು ಹಾಕುವಂತಿಲ್ಲ. ಹೊರಟ ಜಾಗಕ್ಕೇ ಬಂದು ಮುಟ್ಟಬೇಕು. ಹೀಗೆ ಮಾಡಿದ್ದರಿಂದಲೇ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತವೆ. ಮುರ್ಗಿಯೂ ಹಾಗೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ಎಂದರೆ ನೇಯ್ದಂತೆ ಕಾಣುವ ಉದ್ದ-ಗಿಡ್ಡ ಹೊಲಿಗೆ. ಮೆಂತಿ ಕತ್ತರಿಯಾಕಾರದ್ದು, ಮೆಂತೆಕಾಳು ಚೆಲ್ಲಿದ ಹಾಗೆ ಕಾಣುತ್ತದೆ, ದಾರ ಬಹಳ ತಿನ್ನುತ್ತದೆ. ಈ ಎರಡರ ಹಿಂಬದಿ ಮುಂಬದಿಯಂತಿರುವುದಿಲ್ಲ.

ಗೋಪುರ, ತೇರು, ಆನೆ, ನಂದಿ, ತುಳಸಿಕಟ್ಟೆ, ತೊಟ್ಟಿಲು, ನವಿಲು, ಎಲ್ಲವೂ ಎಣಿಕೆಯಲ್ಲೇ ಮೂಡಬೇಕು. ಒಂದು ಎಳೆ ತಪ್ಪಿದರೆ ಕಳಸ ಓರೆಯಾಗುತ್ತದೆ, ಬಿಚ್ಚಿ ಮತ್ತೆ ಹೊಲಿಯಬೇಕು. ನುಣುಪಾದ ಬಟ್ಟೆಯಲ್ಲಿ ಎಳೆ ಕಣ್ಣಿಗೆ ಹತ್ತದಿದ್ದರೆ ಮೇಲೆ ಜಾಳುಬಟ್ಟೆ ಟಾಚಿ ಹೊಲಿದು, ಆಮೇಲೆ ಆ ಜಾಳುಬಟ್ಟೆಯ ಎಳೆಗಳನ್ನು ಒಂದೊಂದಾಗಿ ಜಗ್ಗಿ ತೆಗೆಯುತ್ತೇವೆ. ದಿನಕ್ಕೆ ಐದು ತಾಸಿನ ಮೇಲೆ ಇಂಥ ಕೆಲಸ ಯಾರಿಂದಲೂ ಆಗದು.

ನನ್ನ ಅಂಗಡಿಯ ಬೆಲೆಯೆಲ್ಲ ಆ ಐದು ತಾಸಿನಿಂದ ಹುಟ್ಟುತ್ತದೆ. ಐದು ತಾಸಿನ ಹೊಲಿಗೆಗೆ ಆ ವರ್ಷ ಊರಲ್ಲಿ ಕಳೆಗೆ ಎಷ್ಟು ಕೂಲಿಯೋ ಅಷ್ಟು. ಹೋದ ವರ್ಷ ಅದು 300 ರೂಪಾಯಿ. ನಡುಮಟ್ಟದ ಕೆಲಸದ ಒಂದು ಸೀರೆ ಹಿಡಿಯೋಣ. ಸೆರಗಿನಲ್ಲಿ ಗೋಪುರದ ಸಾಲು, ಎರಡು ತೇರು, ಒಡಲಲ್ಲಿ ಅಲ್ಲಲ್ಲಿ ಬುಟ್ಟಿ. 20 ದಿನದ ಕೆಲಸ, ಅಂದರೆ ಕೂಲಿ 6,000. ಸೀರೆಗೆ 2,500. ದಾರ, ಒಗೆತ, ಇಸ್ತ್ರಿಗೆ 200. ಡಬ್ಬಿ, ಅಂಚೆಗೆ 150. ಕೂಡಿದರೆ 8,850. ಇದರ ಮೇಲೆ ನನ್ನ ದುಡಿಮೆ, ಬಂಡವಾಳದ ಬಡ್ಡಿ, ಕೆಟ್ಟ ಮಾಲಿನ ನುಕಸಾನಿ ಎಲ್ಲ ಸೇರಿ ನೂರಕ್ಕೆ ಹತ್ತು. ಗಿರಾಕಿಗೆ ಹೇಳುವ ಬೆಲೆ 9,750.

ಪುಣೆಯ ಗಿರಾಕಿ ಬೆಲೆ ನೋಡಿದ ತಕ್ಷಣ ಬರೆಯುತ್ತಾಳೆ: “ತಾಈ, ತಿಥೆ ಬಾರಾಶೇಲಾ ಮಿಳತೆ.” ಅಲ್ಲಿ ಹನ್ನೆರಡು ನೂರಕ್ಕೆ ಸಿಗುತ್ತದೆ ಎಂದು. (ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ನಮ್ಮ ಅತ್ತೆಯವರು ಮೊದಲ ಸಲ ಫೋನಿನಲ್ಲಿ ಅದನ್ನು ಕೇಳಿ, “ಐವತ್ತರ ಹೆಂಗಸು ನಿನಗ ತಾಯಿ ಅಂತಾಳಲ್ಲಬೇ” ಎಂದು ಬಿದ್ದು ಬಿದ್ದು ನಕ್ಕಿದ್ದರು.) ಹನ್ನೆರಡು ನೂರಕ್ಕೆ ಸಿಗುವುದು ಸುಳ್ಳಲ್ಲ. ಸಿಗುವುದು ಯಂತ್ರದ್ದು, ಇಲ್ಲವೇ ಅಚ್ಚು ಹೊಡೆದದ್ದು. ಅದನ್ನು ಮಾರುವವರ ಮೇಲೆ ನನಗೆ ತಕರಾರಿಲ್ಲ, ಮಾವನವರ ಅಂಗಡಿಯಲ್ಲೂ ಅದು ಉಂಟು. ಅದಕ್ಕೆ ಕೈಹೊಲಿಗೆ ಎಂದು ಹೆಸರಿಟ್ಟು ಮಾರಿದಾಗ ಮಾತ್ರ ನಮ್ಮ ಓಣಿಯ ಕೂಲಿಗೆ ಕಲ್ಲು ಬೀಳುತ್ತದೆ.

ಎಪ್ರಿಲಿನಲ್ಲಿ ಸೂಜಿ, ಸಂಕ್ರಾಂತಿಗೆ ಗಿರಾಕಿ

ಈ ವ್ಯಾಪಾರಕ್ಕೂ ಸುಗ್ಗಿ ಇದೆ. ಮಹಾರಾಷ್ಟ್ರದಲ್ಲಿ ಸಂಕ್ರಾಂತಿಗೆ ಕರಿ ಬಟ್ಟೆ ಉಡುವ ರೂಢಿ. ಮದುವೆಯಾದ ಮೊದಲ ಸಂಕ್ರಾಂತಿಗೆ ಸೊಸೆಗೆ ಕರಿ ಸೀರೆ ಕೊಡುತ್ತಾರೆ. ಅವರ ಚಂದ್ರಕಳಾ, ನಮ್ಮ ಕಡೆಯ ಚಂದ್ರಕಾಳಿ, ಎರಡೂ ಒಂದೇ ಕರಿ ಸೀರೆಯ ಹೆಸರು. ಕರಿ ಒಡಲಿನ ಮೇಲೆ ಬಿಳಿ, ಕೆಂಪು, ಕಿತ್ತಳೆ ದಾರದ ಕಸೂತಿ ಎದ್ದು ಕಾಣುವಷ್ಟು ಬೇರೆ ಯಾವುದರ ಮೇಲೂ ಕಾಣುವುದಿಲ್ಲ. ಹೀಗಾಗಿ ಡಿಸೆಂಬರ ಹಿಡಿದು ಜನೆವರಿ ಹದಿನಾಲ್ಕರ ತನಕ ಮೊಬೈಲು ಬಡಿದುಕೊಳ್ಳುತ್ತಲೇ ಇರುತ್ತದೆ.

ಆದರೆ ಅದೇ ವೇಳೆಗೆ ಹೊಲದಲ್ಲಿ ತೊಗರಿ ಕೊಯ್ಲು. ಮುಂದೆ ಹಿಂಗಾರಿ ಜೋಳದ ಸುಗ್ಗಿ. ಹೊಲಿಯುವವರ ಕೈ ಬಿಡುವಾಗುವುದು ಮಾರ್ಚಿ ದಾಟಿದ ಮೇಲೆ. ಬೇಸಿಗೆಯಲ್ಲಿ ಮಧ್ಯಾಹ್ನ ಅಂಗೈ ಬೆವರಿ ಬಿಳಿ ದಾರ ಮಾಸುತ್ತದೆ, ಅದಕ್ಕೆ ಬೆಳಿಗ್ಗೆ ಆರರಿಂದ ಹತ್ತೂವರೆ ತನಕ ಕೂಡುತ್ತಾರೆ. ಮಳೆ ಬಿದ್ದು ಬಿತ್ತನೆ ಸುರುವಾದರೆ ಮತ್ತೆ ಕೈ ಸಿಗುವುದಿಲ್ಲ. ಎಂದರೆ ಮುಂದಿನ ಸಂಕ್ರಾಂತಿಯ ಸೀರೆಗೆ ಎಪ್ರಿಲಿನಲ್ಲೇ ಸೂಜಿ ಬೀಳಬೇಕು. ಗಿರಾಕಿ ರೊಕ್ಕ ಕೊಡುವುದು ಎಂಟು ತಿಂಗಳ ಮೇಲೆ.

ಹೊಲಿಯುವವರಿಗೆ ನಾನು ಸೀರೆ ಕೈಗೆ ಬಂದ ದಿನವೇ ಪೂರ್ತಿ ಕೂಲಿ ಎಣಿಸುತ್ತೇನೆ. ಮಾರಾಟ ಆಗಲಿ ಬಿಡಲಿ, ಅದು ನನ್ನ ಹಣೆಬರಹ. ಹನ್ನೆರಡು ಸೀರೆ ಟ್ರಂಕಿನಲ್ಲಿ ಕೂತರೆ ಲಕ್ಷದ ಮೇಲೆ ರೊಕ್ಕ ಕೂತಂತೆ. ತೊಗರಿ ತುಂಬಿಟ್ಟವನಿಗೆ ಕಷ್ಟ ಬಂದರೆ ದುಧನಿ ಪೇಟೆಗೆ ಒಯ್ದು ಅಂದಿನ ಧಾರಣೆಗೆ ಕೊಟ್ಟು ಬರಬಹುದು. ಕಸೂತಿ ಸೀರೆಗೆ ಅಂಥ ಅಡತಿ ಅಂಗಡಿ ಇಲ್ಲ. ಈ ಉದ್ಯೋಗಕ್ಕೆ ಇಳಿಯಬೇಕೆನ್ನುವವರು ಮೊದಲು ನೋಡಬೇಕಾದದ್ದು ಇದು. ಫೋಟೋ, ಜಾಹೀರಾತು ಎಲ್ಲ ಆಮೇಲಿನ ಮಾತು.

ವರ್ಷವಿಡೀ ಗಲ್ಲಾ ಓಡಿಸುವುದು ಸಣ್ಣ ಮಾಲು. ತೋಳಿಗೆ ಒಂದೊಂದು ಚಿತ್ತಾರ ಹಾಕಿದ ಖಣ, ಕೂಸಿನ ಕುಂಚಿಗೆ, ಕುಲಾಯಿ, ಪರ್ಸು. ಒಂದು ಒಂದೂವರೆ ದಿನದ ಕೆಲಸ, ಏಳೆಂಟು ನೂರು ರೂಪಾಯಿಯ ಬೆಲೆ, ಅಂಚೆಗೂ ಹಗುರ. ಕುಂಚಿಗೆ ಕೊಳ್ಳುವವರು ಹೆಚ್ಚಾಗಿ ಪರದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಾಯಂದಿರು. ಅವರು ಬೆಲೆ ಕೇಳುವುದು ಕಡಿಮೆ, “ಯಾವಾಗ ಮುಟ್ಟಸ್ತೀರಿ” ಎಂದು ಕೇಳುವುದು ಹೆಚ್ಚು.

ಕೌದಿಯನ್ನೂ ಮಾರಿ ಎಂದು ಬಹಳ ಮಂದಿ ಹೇಳಿದರು. ಕೌದಿಗೆ ಗಿರಾಕಿ ಉಂಟು, ಆದರೆ ಸಾಗಣೆಯಲ್ಲಿ ಮುಗ್ಗರಿಸುತ್ತದೆ. ಖಾಸಗಿ ಕೊರಿಯರಿನವರು ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಹಾಗೆ ಬಂದ ಕಿಲೋ, ತಕ್ಕಡಿಯ ಕಿಲೋ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. 40, 30, 15 ಅಳತೆಯ ಡಬ್ಬಿಯಲ್ಲಿ ಎರಡು ಕಿಲೋ ಕೌದಿ ಇಟ್ಟರೆ 3.6 ಕಿಲೋ ಲೆಕ್ಕಕ್ಕೆ ಬರುತ್ತದೆ. ಸೀರೆ ಮಡಚಿದರೆ ಇಷ್ಟೇ ಆಗುತ್ತದೆ, ಕೌದಿ ಮಡಚಿದರೂ ಕೌದಿಯೇ.

ಹಿಂಬದಿಯ ಫೋಟೋ

ಮುಟ್ಟಿ ನೋಡಲಾರದ ಗಿರಾಕಿಗೆ ಕೈಹೊಲಿಗೆಯೆಂದು ನಂಬಿಸುವುದು ಹೇಗೆ? ನನ್ನ ಅಂಗಡಿಯಲ್ಲಿ ಪ್ರತಿ ಮಾಲಿಗೂ ಹಿಂಬದಿಯ ಫೋಟೋ ಮೊದಲು, ಮುಂಬದಿಯದು ಆಮೇಲೆ. ಯಂತ್ರದ ಹೊಲಿಗೆಯಲ್ಲಿ ಹಿಂದೆ ಬಾಬಿನಿನ ಬಿಳಿ ದಾರ ಹರಿದಾಡಿರುತ್ತದೆ, ಬಹಳ ಸಲ ಕಾಗದದಂಥ ಅಸ್ತರು ಅಂಟಿರುತ್ತದೆ. ಅಚ್ಚಿನ ಮಾಲಿಗಂತೂ ಹಿಂದೆ ಹೊಲಿಗೆಯೇ ಇಲ್ಲ. ಗವಂತಿಯ ಹಿಂಬದಿಯಲ್ಲಿ ಗಂಟು ಹುಡುಕಿದರೂ ಸಿಗದು. ಹತ್ತು ಸೆಕೆಂಡಿನ ಒಂದು ವಿಡಿಯೋದಲ್ಲಿ ಸೆರಗನ್ನು ಮಗುಚಿ ತೋರಿಸಿದರೆ, ಅರ್ಧ ತಾಸು ಮಾತಾಡಿ ತಿಳಿಸುವುದಕ್ಕಿಂತ ಬೇಗ ತಿಳಿಯುತ್ತದೆ. ಪೇಟೆಯಲ್ಲಿ ಸೀರೆ ಕೊಳ್ಳುವ ನಿಮ್ಮ ಮನೆಯ ಹೆಣ್ಣುಮಕ್ಕಳಿಗೂ ಇದನ್ನು ಹೇಳಿಡಿ, ಅಂಗಡಿಯವರು ಸಿಟ್ಟಾಗಲಿ ಬೇಕಾದರೆ.

ಕರಿ ಬಟ್ಟೆಯ ಫೋಟೋ ತೆಗೆಯುವುದು ಇನ್ನೊಂದು ಪೀಕಲಾಟ. ಮೊಬೈಲು ತಾನೇ ಬೆಳಕು ಏರಿಸಿ ಕರಿಯನ್ನು ಬೂದಿ ಬಣ್ಣ ಮಾಡುತ್ತದೆ. ಬೆಳಿಗ್ಗೆ ಪಡಸಾಲೆಯ ನೆರಳಿನಲ್ಲಿ, ಫ್ಲಾಶು ಇಲ್ಲದೆ, ಬೆಳಕಿನ ಗೆರೆಯನ್ನು ಕೈಯಿಂದ ಕೆಳಗಿಳಿಸಿ ತೆಗೆಯುತ್ತೇನೆ. ಮಗ್ಗುಲಿಗೆ ಒಂದು ರೂಪಾಯಿ ನಾಣ್ಯ. ಅದಿಲ್ಲದಿದ್ದರೆ ಮೊಬೈಲಿನಲ್ಲಿ ಗೋಪುರ ಎಷ್ಟು ದೊಡ್ಡದೆಂದು ಯಾರಿಗೂ ತಿಳಿಯುವುದಿಲ್ಲ.

ಹೆಸರು ಬರೆಯುವಾಗ ಎರಡೂ ಭಾಷೆ ಬಲ್ಲದ್ದು ಕೈಹಿಡಿಯಿತು. ಬಾಗಲಕೋಟೆಯವರು ಇಳಕಲ್ ಎಂದು ಹುಡುಕಿದರೆ ಕೊಲ್ಹಾಪುರದವರು ಇರಕಲ್ ಎಂದು ಹುಡುಕುತ್ತಾರೆ. ನಮಗೆ ಕಸೂತಿ, ಅವರಿಗೆ ಕಶಿದಾ. ಒಂದೇ ಹೆಸರು ಬರೆದರೆ ಅರ್ಧ ಗಿರಾಕಿಗಳಿಗೆ ಅಂಗಡಿಯೇ ಕಾಣುವುದಿಲ್ಲ. ಕನ್ನಡ, ಮರಾಠಿ, ಇಂಗ್ಲಿಷು ಮೂರರಲ್ಲೂ ಬರೆಯುತ್ತೇನೆ. ಬೆಂಗಳೂರಿನವರು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾರೆ, ಅದು ಅವರ ಪದ್ಧತಿ ಇರಬೇಕು.

ಮಾಲು ಮುಟ್ಟಿದ ಮೇಲೆ ರೊಕ್ಕ ಎನ್ನುವ ವ್ಯವಹಾರ ನಾನು ಇಟ್ಟಿಲ್ಲ. ಗಿರಾಕಿ ಬಾಗಿಲಲ್ಲಿ ಬೇಡವೆಂದರೆ ಪಾರ್ಸಲ್ಲು ತಿರುಗಿ ಬರುತ್ತದೆ. ಕೊರಿಯರಿನವರು ಅದಕ್ಕೆ ಆರ್‌ಟಿಒ ಎನ್ನುತ್ತಾರೆ. ನಮ್ಮಲ್ಲಿ ಆರ್‌ಟಿಒ ಎಂದರೆ ಟ್ರಾಕ್ಟರ್ ಪಾಸಿಂಗಿನ ಕಚೇರಿ, ಎರಡರಲ್ಲೂ ಓಡಾಟದ ಖರ್ಚು ನಮ್ಮದೇ.

ಗಡಚಿರೋಲಿಗೆ ಹೋಗಬಹುದು, ಆಳಂದಕ್ಕೆ ಹೋಗಬಾರದು

ಗಡಿಯಲ್ಲಿ ಕೂತು ವ್ಯಾಪಾರ ಮಾಡುವವರು ಇದನ್ನು ಸ್ವಲ್ಪ ನಿಧಾನಕ್ಕೆ ಓದಬೇಕು.

ಕೊಳ್ಳುವವರು ಮಾರುವವರನ್ನು ಒಂದೆಡೆ ಸೇರಿಸುವ ದೊಡ್ಡ ದೊಡ್ಡ ಆನ್‌ಲೈನ್ ಪೇಟೆಗಳಿವೆ. ಅಲ್ಲಿ ಮಾರಬೇಕೆಂದರೆ ಮೊದಲು ವಹಿವಾಟು ಎಷ್ಟೇ ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ಸಡಿಲು ಸಿಕ್ಕಿತು. ನೋಂದಣಿಯ ಮಿತಿಯೊಳಗಿದ್ದವರು ಪ್ಯಾನ್ ತೋರಿಸಿ ಜಿಎಸ್‌ಟಿ ಪೋರ್ಟಲಿನಲ್ಲಿ ಒಂದು ನಂಬರು ಪಡೆದು ಇಂಥ ಪೇಟೆಗಳಲ್ಲಿ ಮಾರಬಹುದು. ಆದರೆ ಒಂದು ಷರತ್ತು. ತಮ್ಮ ರಾಜ್ಯದ ಒಳಗೆ ಮಾತ್ರ ಮಾರಬೇಕು, ರಾಜ್ಯ ದಾಟಿ ಏನನ್ನೂ ಮಾರಬಾರದು.

ಸೊಲ್ಲಾಪುರದಲ್ಲೋ ನಾಸಿಕದಲ್ಲೋ ಇರುವವರಿಗೆ ಇದು ಸಾಕು. ನಮ್ಮಂಥವರಿಗೆ? ಅಕ್ಕಲಕೋಟದಿಂದ ಆಳಂದ, ಅಫಜಲಪುರ ಒಂದೆರಡು ತಾಸಿನ ದಾರಿ. ನಮ್ಮ ಬೀಗರು, ನಮ್ಮ ಗಿರಾಕಿಗಳು ಅಲ್ಲೇ. ಈ ನಂಬರು ಹಿಡಿದರೆ ರಾಜ್ಯದ ಇನ್ನೊಂದು ತುದಿಯ ಗಡಚಿರೋಲಿಗೆ ಸೀರೆ ಕಳಿಸಬಹುದು, ಆಳಂದಕ್ಕೆ ಕಳಿಸುವಂತಿಲ್ಲ. ಹೊಸೂರಿನವರಿಗೆ ಬೆಂಗಳೂರು, ಕಾಸರಗೋಡಿನವರಿಗೆ ಮಂಗಳೂರು, ಮಡಕಶಿರಾದವರಿಗೆ ಪಾವಗಡ ಇದೇ ಲೆಕ್ಕ.

ಇನ್ನೊಂದು ದಾರಿ ಇದೆ, ಬಹಳ ಮಂದಿಗೆ ಗೊತ್ತಿಲ್ಲ. ಕೈಯಿಂದ ಮಾಡಿದ ಕರಕುಶಲ ವಸ್ತುಗಳನ್ನು ರಾಜ್ಯ ದಾಟಿಸಿ ಮಾರುವವರಿಗೆ, ವರ್ಷದ ಒಟ್ಟು ವಹಿವಾಟು 20 ಲಕ್ಷದೊಳಗಿದ್ದರೆ, ನೋಂದಣಿಯಿಂದ ವಿನಾಯಿತಿ ಉಂಟು. 2017ರಲ್ಲಿ ಬಂದ ಆದೇಶ, 2018ರಲ್ಲಿ ಅದನ್ನು ಹೊಸದಾಗಿ ಹೊರಡಿಸಿದರು. ಕರಕುಶಲ ವಸ್ತುಗಳ ಪಟ್ಟಿಯಲ್ಲಿ ಬಟ್ಟೆಯ ಮೇಲಿನ ಕೈಕಸೂತಿಯೂ ಇದೆ. ಪ್ಯಾನ್ ಬೇಕು, ಇ-ವೇ ಬಿಲ್ಲು ಮಾಡಬೇಕು. ಸಾಮಾನ್ಯ ಮಾಲಿಗೆ ಇರುವ 50,000 ರೂಪಾಯಿಯ ಮಿತಿ ಇಲ್ಲಿಲ್ಲ, ಬೆಲೆ ಎಷ್ಟೇ ಇರಲಿ ಬಿಲ್ಲು ಬೇಕು. ಆದರೆ ಅಂಚೆ ಇಲಾಖೆ ಸಾಗಿಸುವ ಟಪಾಲಿಗೆ ಇ-ವೇ ಬಿಲ್ಲಿನ ಅಗತ್ಯವಿಲ್ಲವೆಂದು ನಿಯಮದ ಪಟ್ಟಿಯಲ್ಲಿದೆ. ಅದಕ್ಕೇ ನನ್ನ ಗಡಿ ದಾಟುವ ಪಾರ್ಸಲ್ಲೆಲ್ಲ ಅಂಚೆ ಕಚೇರಿಯಿಂದಲೇ ಹೋಗುತ್ತದೆ. ರಿಜಿಸ್ಟರ್ ಟಪಾಲು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು, ಈಗ ಸ್ಪೀಡ್ ಪೋಸ್ಟು, ಪಾರ್ಸಲ್ಲು ಎರಡೇ ನನಗೆ.

ಈ ವಿನಾಯಿತಿ ನೇರ ಮಾರಾಟಕ್ಕೆ ಕೆಲಸಕ್ಕೆ ಬರುತ್ತದೆ. ದೊಡ್ಡ ಆನ್‌ಲೈನ್ ಪೇಟೆಯ ಮೂಲಕ ರಾಜ್ಯ ದಾಟಿಸಬೇಕೆಂದರೆ ನೋಂದಣಿಯೇ ಗತಿ. ಎರಡೂ ದೋಣಿಯಲ್ಲಿ ಕಾಲಿಡಲಿಕ್ಕಾಗದು. ಪೇಟೆಯ ನಂಬರು ಹಿಡಿದವರು ಹಿಂಬಾಗಿಲಿನಿಂದಲೂ ರಾಜ್ಯ ದಾಟಿ ಮಾರಬಾರದು. ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು: ರಾಜ್ಯದೊಳಗಿನ ಪೇಟೆ, ಗಡಿ ದಾಟುವ ನೇರ ಮಾರಾಟ, ಇಲ್ಲವೇ ಪೂರ್ತಿ ನೋಂದಣಿ ಮತ್ತು ಅದರ ರಿಟರ್ನಿನ ಓಡಾಟ. ನಾನು ಎರಡನೆಯದನ್ನು ಆರಿಸಿಕೊಂಡೆ.

ಅಂಗಡಿಯುಳ್ಳ ಮನೆಯವರು ಇನ್ನೊಂದನ್ನು ನೋಡಬೇಕು. ವಹಿವಾಟಿನ ಲೆಕ್ಕ ಪ್ಯಾನಿನ ಮೇಲೆ ಹೋಗುತ್ತದೆ. ಒಂದೇ ಪ್ಯಾನಿನಲ್ಲಿ ಎರಡು ವ್ಯಾಪಾರವಿದ್ದರೆ ಎರಡನ್ನೂ ಕೂಡಿಸುತ್ತಾರೆ. ಮಾವನವರ ಅಂಗಡಿ ಕಂಪೋಜಿಶನ್ನಿನಲ್ಲಿದೆ, ಅದರ ಹೆಸರಿನಲ್ಲಿ ಗಡಿಯಾಚೆಗೆ ಒಂದು ಕರವಸ್ತ್ರ ಮಾರುವಂತಿಲ್ಲ. ಹೀಗಾಗಿ ನನ್ನ ಅಂಗಡಿ ನನ್ನ ಪ್ಯಾನಿನಲ್ಲಿ, ನನ್ನ ಖಾತೆಯಲ್ಲಿ, ನನ್ನ ಬಂಡವಾಳದಲ್ಲಿ. “ಮನಿಯೊಳಗ ಎರಡು ಗಲ್ಲಾ ಆತಲ್ಲ” ಎಂದು ಮಾವನವರು ಚೇಷ್ಟೆ ಮಾಡಿದರು. ಆದರೂ ಕರ ಸಲಹೆಗಾರರ ಹತ್ತಿರ ಕರೆದುಕೊಂಡು ಹೋದವರೂ ಅವರೇ. ನೀವೂ ನಿಮ್ಮ ಸಲಹೆಗಾರರನ್ನು ಕೇಳಿಯೇ ಹೆಜ್ಜೆ ಇಡಿ, ಪ್ರತಿಯೊಬ್ಬರ ಲೆಕ್ಕ ಬೇರೆ ಇರುತ್ತದೆ.

ಹೆಸರು ಯಾರದು?

ಕಸೂತಿಗೆ 2006ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ, ದೊರೆಯಿತು. ಹಕ್ಕು ಕರ್ನಾಟಕದ ಕರಕುಶಲ ಅಭಿವೃದ್ಧಿ ನಿಗಮದ್ದು, ಕಾವೇರಿ ಎಂಪೋರಿಯಂ ನಡೆಸುವವರದು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ, ನೀಲಗಿರಿಯ ತೋಡರ ಕಸೂತಿಗೆ 2013ರಲ್ಲಿ ಇಂಥ ಗುರುತು ಬಂತು. ತೋಡರದು ಬಿಳಿ ಬಟ್ಟೆಯ ಮೇಲೆ ಕೆಂಪು, ಕಪ್ಪು ದಾರ. ಅದೂ ಗೆರೆ ಬರೆಯದೆ ಎಳೆ ಎಣಿಸಿ ಹೊಲಿಯುವಂಥದೇ.

ಜಿಐ ಕಾನೂನಿನಲ್ಲಿ ಹಕ್ಕುದಾರರ ಜೊತೆಗೆ, ನಿಜವಾಗಿ ಮಾಲು ತಯಾರಿಸುವವರು ಅರ್ಜಿ ಹಾಕಿ ಅಧಿಕೃತ ಬಳಕೆದಾರರಾಗಬಹುದು. ಯಂತ್ರದ ಮಾಲಿನ ಎದುರು ನಿಲ್ಲಲಿಕ್ಕೆ ಇದು ಒಳ್ಳೆಯ ಆಯುಧ. ಆದರೆ ಈ ಗುರುತು ಕೈಗೆ ಅಂಟಿದ್ದಲ್ಲ, ನೆಲಕ್ಕೆ ಅಂಟಿದ್ದು. ಧಾರವಾಡದಲ್ಲಿ ನಮ್ಮ ಚಿಕ್ಕಮ್ಮ ಹೊಲಿದದ್ದಕ್ಕೂ ಅಕ್ಕಲಕೋಟದಲ್ಲಿ ನಾನು ಹೊಲಿದದ್ದಕ್ಕೂ ಎಳೆಯ ವ್ಯತ್ಯಾಸವಿಲ್ಲ, ಕಲಿಸಿದ ಅಜ್ಜಿ ಒಬ್ಬಳೇ. ಆದರೂ ಊರಿನ ವ್ಯತ್ಯಾಸವುಂಟು. ಅದಕ್ಕೆ ನಮ್ಮ ಓಣಿಯ ಮಾಲಿನ ಚೀಟಿಯಲ್ಲಿ ನಾನು ಜಿಐ ಎಂದು ಬರೆಯುವುದಿಲ್ಲ. “ಗವಂತಿ, ಮುರ್ಗಿ ಕೈಹೊಲಿಗೆ, ಅಕ್ಕಲಕೋಟದಲ್ಲಿ ಹೊಲಿದದ್ದು” ಎಂದು ಬರೆದು, ಎಷ್ಟು ದಿನ ಹಿಡಿಯಿತೆಂದು ಕೆಳಗೆ ಹಾಕುತ್ತೇನೆ. ಧಾರವಾಡದಿಂದ ತರಿಸಿದ್ದಕ್ಕೆ ಧಾರವಾಡದ್ದೆಂದೇ ಬರೆಯುತ್ತೇನೆ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡುವ ಪೆಹಚಾನ್ ಗುರುತಿನ ಚೀಟಿ ಮಾತ್ರ ಯಾವ ರಾಜ್ಯದ ಕುಶಲಕರ್ಮಿಗೂ ಸಿಗುವಂಥದು. ನಮ್ಮ ಹದಿನಾಲ್ಕು ಮಂದಿಯಲ್ಲಿ ಆರು ಮಂದಿಗೆ ಬಂದಿದೆ, ಉಳಿದವರ ಆಧಾರಿನಲ್ಲಿ ತವರಿನ ಹೆಸರೋ ಗಂಡನ ಮನೆಯ ಹೆಸರೋ ಎಂಬ ತಂಟೆ ಇನ್ನೂ ಬಗೆಹರಿದಿಲ್ಲ.

ಚೀಟಿಯಲ್ಲಿ ದಿನದ ಲೆಕ್ಕ ಹಾಕತೊಡಗಿದ ಮೇಲೆ ಗಿರಾಕಿಗಳ ಮಾತು ಬದಲಾಗಿದೆ. “ಇಷ್ಟು ಯಾಕೆ” ಎನ್ನುತ್ತಿದ್ದವರು ಇಪ್ಪತ್ತು ದಿನ ಎಂದು ಓದಿ ತಾವೇ ಭಾಗಾಕಾರ ಮಾಡಿಕೊಳ್ಳುತ್ತಾರೆ. ಕೆಲವರು ಕೊಳ್ಳದೆ ಹೋಗುತ್ತಾರೆ, ಹೋಗಲಿ. ಐದು ವರ್ಷದ ಹಿಂದೆ ಓಣಿಯಲ್ಲಿ ಸೂಜಿ ಹಿಡಿಯುತ್ತಿದ್ದವರಲ್ಲಿ ನಲವತ್ತರ ಕೆಳಗಿನವರು ಒಬ್ಬರೂ ಇರಲಿಲ್ಲ. ಈಗ ಇಬ್ಬರು ಕಾಲೇಜು ಹುಡುಗಿಯರು ಕೂಡಿಕೊಂಡಿದ್ದಾರೆ. ಕಲೆಯ ಮೇಲಿನ ಪ್ರೀತಿಯಿಂದ ಬಂದರೆಂದು ಬರೆದರೆ ಅವರೇ ನಗುತ್ತಾರೆ. ಬಸ್ ಪಾಸು, ಪರೀಕ್ಷೆ ಫೀಸಿಗೆ ಆಗುತ್ತದೆಂದು ಬಂದವರು. ಒಬ್ಬಳ ಮುರ್ಗಿ ಈಗಾಗಲೇ ನನ್ನದಕ್ಕಿಂತ ಚೊಕ್ಕ.

ಈ ವರ್ಷ ಊರಲ್ಲಿ ಕಳೆಯ ಕೂಲಿ 350ಕ್ಕೆ ಏರಿದೆ. ಅಂದಮೇಲೆ ಸೂಜಿಯದೂ ಏರಲೇಬೇಕು. ಇಪ್ಪತ್ತು ದಿನದ ಸೀರೆಗೆ ಕೂಲಿಯೇ 7,000 ಆಗಿ ಬೆಲೆ 10,800 ದಾಟುತ್ತದೆ. ಹತ್ತು ಸಾವಿರದ ಗೆರೆ ದಾಟಿದರೆ ಗಿರಾಕಿ ಅಂಜುತ್ತಾನೆಂದು ಮಾವನವರ ಅನುಭವ. ಕೂಲಿ ಇಳಿಸುವುದು ಆಗದ ಮಾತು. ಚಿತ್ತಾರ ಕಡಿಮೆ ಮಾಡಿ ಹದಿನೇಳು ದಿನದ ಸೀರೆಯೊಂದನ್ನು ಹೊಲಿಸಿ ನೋಡುತ್ತಿದ್ದೇನೆ, ಒಡಲಿನ ಬುಟ್ಟಿ ಬಿಟ್ಟು ಸೆರಗಿನ ಕೆಲಸ ಹಾಗೆಯೇ ಇಟ್ಟು. ಹೊಸ ದರಪಟ್ಟಿ ಯುಗಾದಿಯಿಂದ. ಹಳೆಯ ದರದ ಸೀರೆ ಟ್ರಂಕಿನಲ್ಲಿ ಇನ್ನೂ ಐದು ಉಳಿದಿವೆ, ಎರಡು ಕರಿ, ಮೂರು ಹಸಿರು.